ಮನೆಯ ಅಧಿಕೃತ ರೋಗಿ

ಪ್ರತಿ ಮನೆಗೂ ಒಬ್ಬ ಯಜಮಾನ ಇರುವಂತೆ ಒಬ್ಬ ಅಧಿಕೃತ ರೋಗಿಯೂ ಇರುತ್ತಾನೆ. ಎರಡೂ ಹುದ್ದೆ ಒಬ್ಬನಿಗೇ ಸಿಕ್ಕಿಬಿಟ್ಟರೆ ಆ ಮನೆಯನ್ನು ದೇವರೇ ಕಾಯಬೇಕು. ತಕ್ಕಡಿ ಸಾಹೇಬರ ಮನೆಯಲ್ಲಿ ಆದದ್ದು ಅದೇ.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳ ಸತ್ಯಾಸತ್ಯತೆ ಪರೀಕ್ಷಿಸುವುದು ಅವರ ಕೆಲಸ. ತಕ್ಕಡಿ ಸಾಹೇಬರೆಂದು ಹೆಸರಿಟ್ಟವರೂ ಅಂಗಡಿಯವರೇ. ಮನೆಗೆ ಬಂದರೆ ಅವರ ಹೊಟ್ಟೆಯದೇ ದರಬಾರು. ಅದು ಗುಡುಗಿತೆಂದರೆ ಟಿ.ವಿ. ಬಾಯಿ ಮುಚ್ಚಬೇಕು, ಉಬ್ಬಿತೆಂದರೆ ಮಗಳು ಸೋಫಾ ಖಾಲಿ ಮಾಡಬೇಕು, ಉರಿಯಿತೆಂದರೆ ಹೆಂಡತಿ ಕೈಲಿದ್ದ ಕೆಲಸ ಬಿಟ್ಟು ಓಡಿ ಬರಬೇಕು. (ಹೊಟ್ಟೆ ಸುಮ್ಮನಿದ್ದ ದಿನ ಸಾಹೇಬರೇ ಉರಿಯುತ್ತಿದ್ದರು, ಅದು ಬೇರೆ ಮಾತು.)

ಮಾತ್ರೆಗಳೆಲ್ಲ ಸೋತ ಮೇಲೆ ಡಾಕ್ಟರಮ್ಮ ಹೊಸ ದಾರಿ ತೋರಿಸಿದರು. "ಅನುಮಾನ ಇರೋದನ್ನೆಲ್ಲ ಕೆಲವು ವಾರ ಬಿಟ್ಬಿಡಿ ಸಾರ್. ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ, ಎಲ್ಲಾ. ಹೊಟ್ಟೆ ತಣ್ಣಗಾದ್ಮೇಲೆ ಒಂದೊಂದೇ ವಾಪಸ್ ಸೇರಿಸ್ತಾ ಬರೋಣ. ಕಳ್ಳ ತಾನಾಗೇ ಸಿಕ್ಕಿಬೀಳ್ತಾನೆ."

ಕಳ್ಳ ಎಂದ ಕೂಡಲೇ ಸಾಹೇಬರ ಮೀಸೆ ನೆಟ್ಟಗಾಯಿತು. ಮನೆಗೆ ಬಂದವರೇ ಅಡುಗೆಮನೆಯ ಮೇಲೆ ದಾಳಿ ನಡೆಸಿ ಡಬ್ಬಿಗಳನ್ನೆಲ್ಲ ಆರೋಪಿಗಳಂತೆ ಸಾಲಾಗಿ ನಿಲ್ಲಿಸಿದರು.

"ಈ ಹಿಟ್ಟು ಹೊರಗೆ! ಈ ಹಾಲು ಹೊರಗೆ!"

"ಅಲ್ಲ ರೀ, ಎಲ್ಲಾ ಹೊರಗೆ ಹಾಕಿದ್ರೆ ನಾವೇನು ತಿನ್ನೋದು?" ಎಂದಳು ಹೆಂಡತಿ.

"ನಾನು ತಿಂದಿದ್ದೇ ನೀವೂ ತಿನ್ನಿ. ನನ್ನ ಮುಂದೆ ನೀವು ರೊಟ್ಟಿ ಮುರೀತಾ ಕೂತ್ರೆ ನನ್ನ ಸಂಕಲ್ಪ ಏನಾಗ್ಬೇಕು?"

"ಅಪ್ಪಾ, ಕೆಟ್ಟಿರೋದು ನಿಮ್ಮ ಹೊಟ್ಟೆ. ಶಿಕ್ಷೆ ನಮಗ್ಯಾಕೆ?" ಮಗಳು ಕೇಳಿದಳು.

"ಶಿಕ್ಷೆ ಅಲ್ಲ ಕಣೇ, ಇದು ತಪಸ್ಸು!"

"ತಪಸ್ಸು ಮಾಡೋರು ಕಾಡಿಗೆ ಹೋಗ್ತಾರಪ್ಪಾ. ಮನೆಯವರನ್ನ ಅಡಿಗೆ ಮಾಡೋಕೆ ಇಟ್ಕೊಳ್ಳಲ್ಲ."

ಮರುದಿನದಿಂದ ಅನ್ನ ಮತ್ತು ಬೇಯಿಸಿದ ತರಕಾರಿ. ರಾತ್ರಿ ಬೇಯಿಸಿದ ತರಕಾರಿ ಮತ್ತು ಅನ್ನ. ಇನ್ನೂ ಬದಲಾವಣೆ ಬೇಕಿದ್ದವರು ತಟ್ಟೆ ತಿರುಗಿಸಿಕೊಂಡು ಉಣ್ಣಬಹುದಿತ್ತು.

ತಪಸ್ಸು ಎಂದ ಮೇಲೆ ಅದನ್ನು ಕೆಡಿಸಲು ಯಾರಾದರೂ ಬರಲೇಬೇಕಲ್ಲ? ಸಾಹೇಬರ ಪಾಲಿಗೆ ಬಂದವನು ಬೇಕರಿಯವನು. ತಕ್ಕಡಿ ನೋಡಲು ಹೋದವರ ಮುಂದೆ ಅವನು ಆಗಷ್ಟೇ ಒಲೆಯಿಂದಿಳಿದ ಬೆಣ್ಣೆ ಬಿಸ್ಕತ್ತು ಸುರಿದು ತೂಗಿ ತೋರಿಸಿದ. ತೂಕ ಸರಿಯಾಗಿತ್ತು. ಆದರೆ ಸರಕಾರಿ ಪರೀಕ್ಷೆಗೆ ಒಳಪಟ್ಟ ಬಿಸ್ಕತ್ತನ್ನು ಮತ್ತೆ ಗಿರಾಕಿಗಳಿಗೆ ಮಾರುವುದು ಶುಚಿತ್ವದ ದೃಷ್ಟಿಯಿಂದ ಉಚಿತವಲ್ಲವೆಂದು ಸಾಹೇಬರಿಗೆ ತೋರಿತು. ಮನೆಯಲ್ಲಿ ತಿನ್ನುವುದು ಊಟ, ಅದಕ್ಕೆ ಪಥ್ಯವುಂಟು. ಇದು ಊಟವೇ ಅಲ್ಲ, ಕರ್ತವ್ಯ. (ಕಾಸು ಕೊಟ್ಟೇ ತಿಂದರು, ಇಲಾಖೆಗೆ ಕೆಟ್ಟ ಹೆಸರು ಬರಬಾರದು.) ಆಮೇಲೆ ಯಾಕೋ ಆ ಒಂದು ತಕ್ಕಡಿಯ ಮೇಲೆ ಅವರಿಗೆ ದಿನವೂ ಸಂಶಯ ಬರತೊಡಗಿತು.

ಊಟ ಬಲ್ಲವನಿಗೆ ರೋಗವಿಲ್ಲ ಎಂದಿದ್ದಾರೆ ಹಿರಿಯರು. ಕರ್ತವ್ಯದ ಬಗ್ಗೆ ಏನೂ ಹೇಳಿಲ್ಲ. ಹೊಟ್ಟೆ ಮೊದಲಿನಂತೆಯೇ ಗುಡುಗುತ್ತಿತ್ತು.

"ದಂಡ ಡಾಕ್ಟ್ರೇ, ಶುದ್ಧ ದಂಡ!" ಕೆಲವು ವಾರ ಕಳೆದು ಮತ್ತೆ ಆಸ್ಪತ್ರೆಗೆ ಹೋದಾಗ ಸಾಹೇಬರು ಕುರ್ಚಿಯ ತುದಿಗೆ ಬಂದು ಗುಡುಗಿದರು. "ಒಂದು ಕಾಳು ಗೋಧಿ ನಾಲಿಗೆಗೆ ತಾಗಿಸಿಲ್ಲ. ಆದ್ರೂ ನೋಡಿ, ನಗಾರಿ!"

ಸುಳ್ಳಿಗೆ ಬಾಯಿ ಒಣಗಿತು. ಪಕ್ಕಕ್ಕೆ ಕೈಚಾಚಿದರು. ಚೀಲ ಹೊರುವುದಕ್ಕೆಂದು ಬಂದಿದ್ದ ಹೆಂಡತಿ ನೀರಿನ ಬಾಟಲಿ ತೆಗೆದು, ಬಿಗಿದು ಕೂತಿದ್ದ ಮುಚ್ಚಳವನ್ನು ಟಕ್ಕೆಂದು ತಿರುಗಿಸಿ ಕೊಟ್ಟಳು.

ಸಾಹೇಬರು ನೀರು ಕುಡಿಯುವುದನ್ನೇ ಮರೆತರು. "ಲೇ, ಮುಚ್ಚಳ ತೆಗೆಯೋಕೆ ನೀನು ಯಾವಾಗ್ಲೂ ಮಗಳನ್ನ ಕೂಗ್ತಿದ್ದೆಯಲ್ಲಾ?"

"ಈಗ ಬೇಕಾಗಲ್ಲ ರೀ. ಮುಂಚೆ ಎಷ್ಟೋ ವರ್ಷ ಬೆಳಿಗ್ಗೆ ಎದ್ರೆ ಬೆರಳು ಊದ್ಕೊಂಡು, ಮಡಚೋಕೇ ಆಗ್ತಿರ್ಲಿಲ್ಲ. ಈ ಅಡಿಗೆ ಶುರುವಾದ್ಮೇಲೆ ಇಳೀತು."

ಡಾಕ್ಟರಮ್ಮ ಸಾಹೇಬರ ಹೊಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಬಂದು, ಆಕೆಯ ಬೆರಳಿನ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಇಷ್ಟು ವರ್ಷ ಯಾಕಮ್ಮಾ ಹೇಳ್ಲಿಲ್ಲ?"

"ಮನೇಲಿ ಆಗ್ಲೇ ಒಬ್ಬರು ರೋಗಿ ಇದ್ರಲ್ಲಾ ಡಾಕ್ಟ್ರೇ. ಬೆಳಿಗ್ಗೆ ಅಂದ್ರೆ ಎಲ್ಲರಿಗೂ ಹೀಗೇ ಇರುತ್ತೇನೋ ಅನ್ಕೊಂಡಿದ್ದೆ."

ಸಾಹೇಬರಿಗೆ ಕುರ್ಚಿ ಅಲುಗಾಡಿದಂತಾಯಿತು.

"ಒಂದೇ ಪಾತ್ರೆ ಊಟ," ಡಾಕ್ಟರಮ್ಮ ಅವರತ್ತ ತಿರುಗಿದರು. "ಇವರಿಗೆ ಗುಣ, ನಿಮಗಿಲ್ಲ. ಅದು ಹೇಗೆ ಸಾರ್?"

ಸಾಹೇಬರಿಗೆ ಇದ್ದಕ್ಕಿದ್ದಂತೆ ಫ್ಯಾನಿನ ರೆಕ್ಕೆಗಳಲ್ಲಿ ಅಪಾರ ಆಸಕ್ತಿ ಹುಟ್ಟಿತು. ಉತ್ತರ ಹೆಂಡತಿಯಿಂದ ಬಂತು. "ಇವರ ಪ್ಯಾಂಟು ಒಗೀವಾಗ ದಿನಾ ಜೇಬಲ್ಲಿ ಬಿಸ್ಕತ್ತಿನ ಪುಡಿ ಇರುತ್ತೆ."

"ಗೊತ್ತಿದ್ದೂ ಬಾಯಿ ಬಿಡ್ಲಿಲ್ವೇನೇ ನೀನು?"

"ಹೇಗೆ ಬಿಡ್ಲಿ? ಹೇಳಿದ್ರೆ ನೀವು ತಿನ್ನೋದು ನಿಲ್ಲಿಸ್ತಿದ್ರಿ. ನಿಲ್ಲಿಸಿದ್ರೆ ಹೊಟ್ಟೆ ಸರಿಹೋಗ್ತಿತ್ತು. ಸರಿಹೋದ್ರೆ ಮಾರನೇ ದಿನವೇ ಪಥ್ಯ ಸಾಕು ಅಂತಿದ್ರಿ. ನನ್ನ ಬೆರಳಿಗೆ ಆಗಷ್ಟೇ ಜೀವ ಬರ್ತಾ ಇತ್ತು ರೀ."

ಡಾಕ್ಟರಮ್ಮ ನಗು ತಡೆದುಕೊಂಡು ಆಕೆಗೆ ರಕ್ತ ಪರೀಕ್ಷೆ ಬರೆದುಕೊಟ್ಟರು. "ಇನ್ಮೇಲೆ ಒಂದೊಂದೇ ವಾಪಸ್ ಸೇರಿಸೋದು ನಿಮಗಮ್ಮಾ. ಅದು ಮುಗಿಯೋವರೆಗೆ ಒಗೆಯೋದು, ತಿಕ್ಕೋದು, ಹಿಂಡೋದು ಬೇಡ. ಬೆರಳು ಊದಿದ್ರೆ ಕೆಲಸದಿಂದಲೋ ಊಟದಿಂದಲೋ ಅಂತ ಗೊತ್ತಾಗ್ಬೇಕಲ್ಲ?"

"ಹಾಗಾದ್ರೆ ಒಗೆಯೋದು, ತಿಕ್ಕೋದು ಯಾರು?" ಎಂದರು ಸಾಹೇಬರು. ಇಬ್ಬರೂ ಹೆಂಗಸರು ಒಟ್ಟಿಗೇ ಅವರ ಕೈಗಳತ್ತ ನೋಡಿದರು.

ಆ ಭಾನುವಾರ ಹೆಂಡತಿಗೆ ಹಾಲಿನ ಸರದಿ. ಆಕೆ ಹೊರಗಿನ ಕೋಣೆಯಲ್ಲಿ ಕಾಲು ನೀಡಿ ಕೂತು, ಲೋಟ ಹಿಡಿದ ಬೆರಳುಗಳನ್ನೇ ಗಂಭೀರವಾಗಿ ಗಮನಿಸುತ್ತಿದ್ದಳು. ಮಗಳು ಬೆನ್ನಿಗೆ ದಿಂಬು ಕೊಟ್ಟು, "ಅಮ್ಮಾ, ಹೇಗಿದೆ? ಇನ್ನೊಂದು ದಿಂಬು ಬೇಕಾ?" ಎಂದು ವಿಚಾರಿಸಿಕೊಂಡಳು. ಅಡುಗೆಮನೆಯಲ್ಲಿ ಮೊಣಕೈವರೆಗೆ ನೊರೆ ಮಾಡಿಕೊಂಡು, ತಳ ಹಿಡಿದ ಪಾತ್ರೆಯೊಡನೆ ಗುದ್ದಾಡುತ್ತಿದ್ದ ಸಾಹೇಬರು ಇದನ್ನೆಲ್ಲ ಕಿವಿಯಾರೆ ಕೇಳಿದರು. ಇನ್ನು ತಡೆಯಲಾಗಲಿಲ್ಲ.

"ಲೇ, ನನ್ನ ಹೊಟ್ಟೆ ಯಾಕೋ ಉಬ್ಬಿದ ಹಾಗಿದೆ ಕಣೇ…" ಅವರು ತಮ್ಮ ಹಳೆಯ ದನಿಯಲ್ಲಿ ನರಳಿದರು.

"ಅಯ್ಯೋ ಪಾಪ," ಎಂದು ಕೂತಲ್ಲಿಂದಲೇ ಕನಿಕರದ ಉತ್ತರ ಬಂತು. "ಸ್ವಲ್ಪ ತಡ್ಕೊಳ್ಳಿ ರೀ. ಎರಡೆರಡು ಒಟ್ಟಿಗೆ ಸೇರಿಸಿದ್ರೆ ಗೊಂದಲ ಆಗುತ್ತೆ. ಮೊದಲು ನನ್ನ ರೋಗ ಮುಗೀಲಿ, ಆಮೇಲೆ ನಿಮ್ಮದನ್ನ ನಿಧಾನಕ್ಕೆ ವಾಪಸ್ ಸೇರಿಸ್ಕೊಳ್ಳೋಣ."