ನನ್ನ ಮುಖವೂ ಮಾವನ ಹೊಗೆಸೊಪ್ಪೂ

ನಮ್ಮ ಸೋದರಮಾವನ ಪ್ರಕಾರ ಈ ಜಗತ್ತಿನಲ್ಲಿ ಇರುವುದು ಎರಡೇ ವಸ್ತು. ಒಂದು ಹೊಗೆಸೊಪ್ಪು, ಇನ್ನೊಂದು ಇನ್ನೂ ಹದಕ್ಕೆ ಬಾರದ ಹೊಗೆಸೊಪ್ಪು! ಮನುಷ್ಯರೂ ಇದಕ್ಕೆ ಹೊರತಲ್ಲ. ಮದುವೆ ಮನೆಯಲ್ಲಿ ಎಲೆಗೆ ಬಡಿಸಿದ ಒಬ್ಬಟ್ಟನ್ನು ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಬಣ್ಣ ಬಂದದೆ, ಅಂಚು ಒಸಿ ಸುಟ್ಟದೆ. ಎರಡ್ನೇ ಗ್ರೇಡು" ಎಂದು ಗಟ್ಟಿಯಾಗಿ ತೀರ್ಪು ಕೊಡುತ್ತಿದ್ದರು. ಒಮ್ಮೆ ಗಂಡು ನೋಡಿಬರಲು ಹೋದವರು ಬೆವರಿ ತೊಪ್ಪೆಯಾಗಿದ್ದ ಹುಡುಗನನ್ನು ಕಂಡು, "ಗಂಡು ಪರ್ವಾಗಿಲ್ಲ, ಇನ್ನೊಸಿ ಒಣಗ್ಬೇಕು" ಎಂದುಬಿಟ್ಟರಂತೆ. ಆ ಸಂಬಂಧ ಕುದುರಲಿಲ್ಲ ಎಂದು ಬೇರೆ ಹೇಳಬೇಕೆ?

ಮಾವನದು ರಾವಂದೂರಿನ ಹತ್ತಿರದ ಹಳ್ಳಿ. ಹೊಲದ ಮೂಲೆಯಲ್ಲಿ ಅವರ ಬ್ಯಾರನ್ನು. ಹಸಿರು ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ತೂಗುಹಾಕಿ, ಕೆಳಗಿನಿಂದ ಶಾಖ ಕೊಟ್ಟು, ಹಳದಿ ಬರಿಸಿ ಒಣಗಿಸುವ ಎತ್ತರದ ಮನೆ ಅದು. ಹಂಪಾಪುರದ ಕಡೆಯವಳಾದ ನಾನು ಪಿಯುಸಿ ಓದಲೆಂದು ತೊಂಬತ್ತರ ದಶಕದ ನಡುವಿನಲ್ಲಿ ಈ ಮಹಾನುಭಾವರ ಮನೆ ಸೇರಿದೆ. ದಿನಾ ಬಸ್ಸಿನಲ್ಲಿ ಪಿರಿಯಾಪಟ್ಟಣದ ಕಾಲೇಜಿಗೆ ಹೋಗಿಬರುವುದು.

ನನ್ನ ಟ್ರಂಕಿನ ಜೊತೆ ಮೊಡವೆಗಳೂ ಬಂದಿದ್ದವು. ಕೆಲವು ತಿಂಗಳಲ್ಲಿ ಅವೇನೋ ಇಳಿದವು. ಆದರೆ ನಾನು ಸುಮ್ಮನಿರದೆ ಒಂದೊಂದನ್ನೂ ಹಿಸುಕಿದ್ದೆನಲ್ಲ, ಅಲ್ಲೆಲ್ಲ ಕಪ್ಪು ಕಲೆಗಳು ನಿಂತವು. ಮೊದಲೇ ನನ್ನದು ಎಣ್ಣೆಗೆಂಪು ಬಣ್ಣ. ಅದರ ಮೇಲೆ ರಾಗಿ ಕಾಳು ಎರಚಿದ ಹಾಗೆ ಈ ಚುಕ್ಕೆಗಳು. ಬಸ್ಸಿನ ಹಿಂದಿನ ಸೀಟಿನ ಹುಡುಗರು ನನ್ನನ್ನು ನೋಡಿ ಏನೋ ಪಿಸುಗುಟ್ಟಿ ನಗುತ್ತಿದ್ದರು. ನಾನು ದುಪಟ್ಟಾವನ್ನು ಕಣ್ಣಿನವರೆಗೆ ಎಳೆದುಕೊಂಡು ಕಿಟಕಿಗೆ ಮುಖ ಕೊಟ್ಟು ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಮಾವ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಆ ಒಬ್ಬಟ್ಟಿಗೆ ಆದದ್ದೇ ನನಗೂ ಆಯಿತು!

"ಎಲೆ ಒಳ್ಳೇದೇಯ. ಚುಕ್ಕೆ ಬಿದ್ದದೆ ಅಷ್ಟೇಯ."

"ನಾನು ಎಲೆ ಅಲ್ಲ ಮಾವ."

"ಅದೇ ಕಣವ್ವ ತೊಂದ್ರೆ. ಎಲೆ ಆಗಿದ್ರೆ ಇಷ್ಟೊತ್ಗೆ ದಾರಿಗ್ ತಂದ್ಬುಡ್ತಿದ್ದೆ."

ಅಂದಿನಿಂದ ಶುರುವಾಯಿತು ನೋಡಿ ನನ್ನ ಮುಖದ ಬೇಸಾಯ! ಮೊದಲು ನಿಂಬೆಹಣ್ಣು. ರಸ ಹಚ್ಚಿಕೊಂಡು ಕಣದಲ್ಲಿ ಬಿಸಿಲಿಗೆ ಕೂರಬೇಕೆಂದು ಅಪ್ಪಣೆ. ಯಾಕೆ ಬಿಸಿಲು ಎಂದು ಕೇಳಿದ್ದಕ್ಕೆ, "ಒಣಗ್ದೆ ಹೆಂಗೆ ಹಿಡಿದದು?" ಎಂದರು. ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ಸಂಜೆಯ ಹೊತ್ತಿಗೆ ಕೆನ್ನೆ ಉರಿದು ಕೆಂಪಾಗಿ, ನಾನು ಹಿತ್ತಲಿನ ತೊಟ್ಟಿಗೆ ಮುಖ ಅದ್ದಿಕೊಂಡು ಕುಳಿತಿದ್ದೆ. ಮಾವ ಬಂದು ನೋಡಿ, "ಕೆಲ್ಸ ಮಾಡ್ತಾ ಅದೆ" ಎಂದು ಸಮಾಧಾನಪಟ್ಟುಕೊಂಡು ಹೋದರು.

ಕೆಲಸವೇನೂ ಆಗದಿದ್ದಾಗ ಅವರಿಗೆ ತಮ್ಮ ವಿದ್ಯೆಯೇ ನೆನಪಾಯಿತು. ಬ್ಯಾರನ್ನಿಗೆ ಹಸಿರಾಗಿ ಹೋದ ಸೊಪ್ಪು ಹೊಂಬಣ್ಣವಾಗಿ ಬರುತ್ತದೆ. ಯಾವುದರಿಂದ? ಹದವಾದ ಶಾಖದಿಂದ! ಎಲೆಗೆ ಒಗ್ಗಿದ್ದು ಹುಡುಗಿಗೆ ಯಾಕೆ ಒಗ್ಗಬಾರದು? ಅರಿಶಿನ, ಕಡಲೆಹಿಟ್ಟು ಕಲಸಿ ನನ್ನ ಮುಖಕ್ಕೆ ಮೆತ್ತಿಸಿ, ಬ್ಯಾರನ್ನಿನ ಒಲೆಬಾಯಿಯ ಎದುರಿಗೆ ಮಣೆ ಹಾಕಿ ಕೂರಿಸಿದರು. ತಾವು ಪಕ್ಕದಲ್ಲೇ ನಿಂತು ಒಮ್ಮೆ ಥರ್ಮಾಮೀಟರು, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಕಡ್ಡಿ ಕಟ್ಟಲು ಬಂದಿದ್ದ ಹೆಂಗಸರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ನನಗೂ ಹುಚ್ಚು, ಹೋಗಿ ಕುಳಿತೆನಲ್ಲ! ಏನು ಮಾಡಲಿ, ಕಲೆ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಆಗ ನಾನು ಒಲೆಯ ಒಳಗೇ ಕೂರುತ್ತಿದ್ದೆ.

ಅಷ್ಟರಲ್ಲಿ ಅತ್ತೆ, ಅಂದರೆ ಮಾವನ ಹೆಂಡತಿ, ಬುತ್ತಿ ಹೊತ್ತುಕೊಂಡು ಬಂದರು.

"ಅಯ್ಯೋ ನಿಮ್ ಬುದ್ಧಿಗಿಷ್ಟು! ಸೊಪ್ಪು ಬೇಯ್ಸೋ ತಾವ ಮಗೀನ್ ಮುಖ ಬೇಯಿಸ್ತಾ ಇದ್ದೀರಲ್ರೀ!"

"ಬೇಯ್ಸದಲ್ಲ ಕಣೆ, ಹಳದಿ ಬರ್ಸದು."

ಹಳದಿ ಬಂತು, ಅದು ಅರಿಶಿನದ್ದು. ತೊಳೆದರೆ ಕೆಳಗೆ ಕಲೆಗಳು ಮೊದಲಿಗಿಂತ ಕಪ್ಪಾಗಿದ್ದವು. ಕನ್ನಡಿ ನೋಡಿದವಳೇ ಕೋಣೆ ಸೇರಿಕೊಂಡೆ. ಮಾರನೆಯ ದಿನ ಕಾಲೇಜಿಗೆ ಹೋಗಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಓದೂ ಬೇಡ ಏನೂ ಬೇಡ, ಊರಿಗೆ ಹೋಗಿಬಿಡುತ್ತೇನೆ ಎಂದು ಬಟ್ಟೆ ತುಂಬತೊಡಗಿದೆ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಒಮ್ಮೆ ಊರಿಗೆ ಹೋದರೆ ಮತ್ತೆ ಯಾರೂ ಓದಲು ಕಳಿಸುವುದಿಲ್ಲ ಎಂದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಆ ದಿನ ಅವರು ಸೊಪ್ಪಿನ ಮಾತೇ ಆಡಲಿಲ್ಲ.

ಮರುದಿನ ನನ್ನನ್ನು ಮೈಸೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನು ಬಾಯಿ ತೆರೆಯುವ ಮೊದಲೇ ಮಾವನ ಪ್ರಶ್ನೆ:

"ಈ ಮಗೀಗೆ ಎಷ್ಟು ಡಿಗ್ರಿ ಕೊಡ್ಬೇಕು ಸಾರ್?"

ಡಾಕ್ಟರು ಕನ್ನಡಕ ತೆಗೆದು ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. "ನಮ್ಮ ಕಂದು ಚರ್ಮದ ಸ್ವಭಾವವೇ ಹೀಗೆ. ಮೊಡವೆ ವಾಸಿಯಾದ ಮೇಲೂ ಅದರ ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ಹಿಸುಕಬಾರದು, ಉಜ್ಜಬಾರದು, ನಿಂಬೆಹಣ್ಣು ಗಿಂಬೆಹಣ್ಣು ಹಚ್ಚಬಾರದು. ಬಿಸಿಲು ಬಿದ್ದಷ್ಟೂ ಕಪ್ಪಾಗುತ್ತೆ, ಶಾಖವೂ ಒಳ್ಳೆಯದಲ್ಲ. ರಾತ್ರಿ ಈ ಕ್ರೀಮು, ಹಗಲು ಹೊರಗೆ ಹೋಗುವಾಗ ಬಿಸಿಲು ತಡೆಯೋಕೆ ಇದು. ತಾಳ್ಮೆ ಇರಲಿ, ನಿಧಾನಕ್ಕೆ ತಿಳಿಯಾಗುತ್ತೆ."

ಶಾಖ ಎಂಬ ಮಾತು ಬಂದಾಗ ಮಾವ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ವಾಪಸು ಬರುವಾಗ ಬಿಳಿಕೆರೆ ದಾಟುವವರೆಗೆ ಡಾಕ್ಟರ ಚೀಟಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸುತ್ತಿದ್ದರು. ಆಮೇಲೆ, "ಡಾಕ್ಟ್ರು ಒಳ್ಳೇವ್ರೆ, ಆದ್ರೆ ಬೇಸಾಯ ಗೊತ್ತಿಲ್ಲ" ಎಂದರು.

ಹಾಗೆಂದವರು ಮನೆ ಮುಟ್ಟುವಷ್ಟರಲ್ಲಿ ಡಾಕ್ಟರಿಗಿಂತ ದೊಡ್ಡ ಡಾಕ್ಟರಾಗಿದ್ದರು! ನಾನು ಕೆನ್ನೆ ತುರಿಸಿಕೊಂಡರೆ ಹೊಲದ ಆ ಬದಿಯಿಂದ "ಮುಟ್ಬ್ಯಾಡಾ!" ಎಂಬ ಕೂಗು. ಸಸಿ ಮಡಿಗೆ ನೆರಳಿಗೆಂದು ತಂದಿದ್ದ ಬಲೆ ಜಗಲಿಯ ಮುಂದೆ ಏರಿತು. ಸಸಿಗಳ ಗತಿ ಏನೆಂದು ಅತ್ತೆ ಕೇಳಿದರೆ, "ಅವ್ಕೆ ಮೊಡವೆ ಇಲ್ವಲ್ಲ" ಎಂಬ ಉತ್ತರ ಸಿದ್ಧವಾಗಿತ್ತು.

ಎಡವಟ್ಟಾದದ್ದು ಹಗಲಿನ ಕ್ರೀಮಿನಲ್ಲಿ. ಅದನ್ನು ಯಾವ ದೇಶದ ಯಾವ ಬಣ್ಣದವರಿಗೆ ಮಾಡಿದ್ದರೋ, ನನ್ನ ಮುಖಕ್ಕೆ ಹಚ್ಚಿದರೆ ಎಷ್ಟು ತಿಕ್ಕಿದರೂ ಬೂದಿ ಬಳಿದ ಹಾಗೆ ಬೆಳ್ಳಗೆ ನಿಲ್ಲುತ್ತಿತ್ತು. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. ಹಚ್ಚದಿದ್ದರೆ ಕಲೆ ಕಪ್ಪಾಗುತ್ತದೆ, ಹಚ್ಚಿದರೆ ಬಸ್ಸೆಲ್ಲ ನಗುತ್ತದೆ. ಭಾನುವಾರ ಕನ್ನಡಿ ಮುಂದೆ ನಿಂತು ಅತ್ತುಬಿಟ್ಟೆ.

"ಇದ ಹಾಕ್ಕೊಂಡು ನಾನು ಬಸ್ ಹತ್ತಲ್ಲ ಮಾವ. ನಾಳೆ ಊರಿಗೆ ಕಳಿಸ್ಬುಡಿ."

ಮಾವ ಎದ್ದು ಹೊಲದ ಕಡೆ ಹೋದರು.

ಸೋಮವಾರ ಪಿರಿಯಾಪಟ್ಟಣದಲ್ಲಿ ಅವರ ಸೊಪ್ಪು ಹರಾಜಿಗಿತ್ತು. ಹರಾಜು ಎಂದರೆ ಮಾವನಿಗೆ ಮಗನ ಮದುವೆಯಷ್ಟೇ ದೊಡ್ಡದು. ಇಸ್ತ್ರಿ ಮಾಡಿದ ಪಂಚೆ, ಎಣ್ಣೆ ತೀಡಿದ ಮೀಸೆ, ಒಂದು ಸುಕ್ಕೂ ಇರಕೂಡದು. ಬೆಳಿಗ್ಗೆ ನಾನು ಟ್ರಂಕಿಗೆ ಬೀಗ ಹಾಕುತ್ತಿದ್ದಾಗ ನಡುಮನೆಯಿಂದ ಅತ್ತೆ ಕಿರುಚಿದ್ದು ಕೇಳಿಸಿತು. ಓಡಿ ಬಂದು ನೋಡಿದರೆ ಮಾವ ನಿಂತಿದ್ದಾರೆ. ಅದೇ ಪಂಚೆ, ಅದೇ ಮೀಸೆ. ಆದರೆ ಹಣೆಯಿಂದ ಗಲ್ಲದವರೆಗೆ, ಎರಡು ಕಿವಿಗಳನ್ನೂ ಸೇರಿಸಿ, ದಪ್ಪಗೆ ನನ್ನ ಕ್ರೀಮು! ಕಪ್ಪು ಮುಖದ ಮೇಲೆ ಅದು ಸುಣ್ಣ ಹೊಡೆದಂತೆ ಕಾಣುತ್ತಿತ್ತು.

"ನೋಡ್ತಾ ನಿಂತ್ಕಬ್ಯಾಡ ಮಗ, ಬಸ್ ಬತ್ತದೆ. ನೀನೂ ಹಚ್ಕೊ, ನಡಿ."

ಯಾಕೆಂದು ಕೇಳುವ ಧೈರ್ಯವಾಗಲಿಲ್ಲ. ಹಚ್ಚಿಕೊಂಡು ಹಿಂದೆ ನಡೆದೆ. ಬಸ್ಸಿನ ಬಾಗಿಲಲ್ಲೇ ಕಂಡಕ್ಟರು ಹಿಡಿದುಕೊಂಡ.

"ಏನ್ ಗೌಡ್ರೇ, ಯಾವೂರಲ್ಲಿ ನಾಟ್ಕ?"

"ಬಿಸ್ಲು ಕಣಪ್ಪ. ಚರ್ಮ ಕಾಪಾಡ್ಕಬೇಕು. ಎರಡು ಪಿರಿಯಾಪಟ್ಟಣ ಕೊಡು."

ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಹಿಂದಿನ ಸೀಟಿನ ಹುಡುಗರು ಎದ್ದು ನಿಂತು ನೋಡಿದರು. ಮಾವ ನನಗೆ ಕಿಟಕಿ ಬಿಟ್ಟುಕೊಟ್ಟು ಇತ್ತ ಕುಳಿತು, ಎಲ್ಲರಿಗೂ ಕಾಣುವಂತೆ ಮುಖ ಎತ್ತಿ, ಮೀಸೆ ತೀಡುತ್ತಿದ್ದರು. ಆ ದಿನ ಒಬ್ಬರಾದರೂ ನನ್ನ ಕಡೆ ತಿರುಗಿ ನೋಡಲಿಲ್ಲ. ದುಪಟ್ಟಾ ಹೆಗಲಿನ ಮೇಲೇ ಇತ್ತು ಎನ್ನುವುದು ಇಳಿಯುವಾಗ ಗೊತ್ತಾಯಿತು.

ಕಾಲೇಜಿನ ಗೇಟಿನಲ್ಲಿ ನನ್ನ ಕರ್ಚೀಫು ಕೊಟ್ಟೆ. "ಒರೆಸ್ಕಳಿ ಮಾವ. ಹರಾಜಲ್ಲಿ ಅಷ್ಟು ಜನ ಇರ್ತಾರೆ."

ಅವರು ಕರ್ಚೀಫನ್ನು ನನ್ನ ಕೈಗೇ ವಾಪಸು ಇಟ್ಟರು.

"ಒರೆಸ್ಬುಟ್ರೆ ಸಂಜೆ ಬಸ್ಸಲ್ಲಿ ನೀನೊಬ್ಳೇ ಆಯ್ತೀಯಲ್ಲವ್ವ" ಎಂದು ಹೇಳಿ, ಆ ಬೆಳ್ಳನೆಯ ಮುಖ ಹೊತ್ತುಕೊಂಡು ಹರಾಜಿನ ಕಡೆ ನಡೆದರು.