ಕಲ್ಲು ನೆಕ್ಕುವ ವರ

ನಮ್ಮ ಸೋದರಮಾವನಿಗೆ ಹೆಣ್ಣು ಸಿಗದಿದ್ದುದಕ್ಕೆ ಕಾರಣ ಜಾತಕವಲ್ಲ, ನಾಲಿಗೆ! ಮಾತಲ್ಲ ಸ್ವಾಮಿ, ಸಾಕ್ಷಾತ್ ನಾಲಿಗೆಯೇ. ಬೊಂಬಾಯಿ ಕಡಲಿನ ತಳದಲ್ಲಿ ಎಣ್ಣೆ ಹುಡುಕುವ ಕೆಲಸ ಅವರದು. ಕಂಡ ಕಲ್ಲನ್ನೆಲ್ಲ ನೆಕ್ಕುತ್ತಿದ್ದರು. ಕಲ್ಲು ನಾಲಿಗೆಗೆ ಅಂಟಿದರೆ ಒಳಗೆಲ್ಲ ಸಣ್ಣ ಸಣ್ಣ ತೂತುಗಳಿವೆಯಂತೆ, ಎಣ್ಣೆ ಕೂರುವುದು ಅಲ್ಲೇ ಅಂತೆ. ತಿಪಟೂರಿನವರಿಗೆ ಯಾಕೆ ಬೇಕು ಇದು? ನಮಗೆ ಎಣ್ಣೆ ಎಂದರೆ ಕೊಬ್ಬರಿ, ಗಾಣ, ಮುಗಿಯಿತು!

ಎಷ್ಟೋ ಮನೆಯವರು ಬೇಡವೆಂದ ಮೇಲೆ ಅಮ್ಮಸಂದ್ರದಲ್ಲೊಂದು ಹೆಣ್ಣು ನೋಡಲು ಹೊರಟೆವು. ಅಜ್ಜಿಗೆ ಅದೇ ಕೊನೆಯ ಆಸೆ. "ಅಲ್ಲೂ ನೆಕ್ಕಿದ್ರೆ ನಿನ್ ಮಕ ನೋಡಲ್ಲ ಕಣ್ಲಾ," ಎಂದು ಬಸ್ಸಿನುದ್ದಕ್ಕೂ ಮಗನಿಗೆ ಹೇಳಿದರು.

ಆ ಮನೆಯ ಅಂಗಳದಲ್ಲೇ ಸುಣ್ಣದ ಕಲ್ಲಿನ ರಾಶಿ! ನಾವು ಚಪ್ಪಲಿ ಬಿಡುವಷ್ಟರಲ್ಲಿ ಮಾವ ಒಂದನ್ನೆತ್ತಿ ನೆಕ್ಕಿಯೇಬಿಟ್ಟರು. ಹುಡುಗಿಯ ತಂದೆ ಗಾಬರಿಯಾಗಿ ಒಳಗೆ ಕೂಗಿದರು: "ಲೇ, ಬೇಗ ಉಪ್ಪಿಟ್ಟು ತಾರೇ, ಪಾಪ ಹಸ್ಕೊಂಡವ್ರೆ!"

ಉಪ್ಪಿಟ್ಟು ಬಂತು, ಕೊಬ್ಬರಿ ಮಿಠಾಯಿ ಬಂತು, ಹುಡುಗಿಯೂ ಬಂದು ಕೂತರು. ಹಾಡು ಬರುತ್ತದೆಯೇ ಎಂದು ಕೇಳುವುದು ಬಿಟ್ಟು ಮಾವ ಮಿಠಾಯಿಯನ್ನು ಎರಡೂ ಕಡೆ ಹಿಡಿದು ಎಳೆದು ಮುರಿದರು.

"ಭೂಮಿನೂ ಹಿಂಗೇ ಕಣ್ರೀ. ಎಳೆದ್ರೆ ಬಿರುಕು ಬಿಟ್ಟು ಒಂದು ಕಡೆ ಕುಸೀತದೆ, ಒಂದು ಕಡೆ ಎತ್ತರದಲ್ಲೇ ಉಳೀತದೆ. ಎತ್ತರದ ಮೇಲೆ ಕಡಲಿನ ತಿಳಿನೀರು, ಬಿಸಿಲು. ಅಲ್ಲಿ ಬದುಕಿದ ಚಿಪ್ಪಿನ ಹುಳಗಳೇ ಸತ್ತು ಸುಣ್ಣದ ಕಲ್ಲಾಗ್ತವೆ. ಕಡಲು ಇಳಿದಾಗ ಮಳೆನೀರು ಅದನ್ನ ಕರಗಿಸಿ ತೂತು ಮಾಡ್ತದೆ. ಎಣ್ಣೆ ಹುಟ್ಟೋದು ಕುಸಿದಿರೋ ಹಳ್ಳದ ಕೆಸರಲ್ಲಿ. ಬಿರುಕು ಹಿಡ್ಕೊಂಡು ಮೇಲೆ ಹತ್ತಿ ಈ ಕಲ್ಲೊಳಗೆ ಬಂದು ಕೂರ್ತದೆ!"

ಅಬ್ಬಾ! ನನ್ನ ಕೈಯ ಉಪ್ಪಿಟ್ಟು ಬಾಯಿಗೆ ಹೋಗಲೇ ಇಲ್ಲ. ಭೂಮಿ ಹರಿದದ್ದು, ಕಡಲು ಏರಿಳಿದದ್ದು, ಕೋಟಿ ಕೋಟಿ ಜೀವಗಳು ಕಲ್ಲಾದದ್ದು ಎಲ್ಲ ಆ ತಟ್ಟೆಯಲ್ಲೇ ನಡೆದಂತಿತ್ತು.

ಹುಡುಗಿ ತಲೆಯೆತ್ತಿದರು. "ಬಿರುಕು ಬಿಟ್ಟಿದ್ದೆಲ್ಲ ಒಳ್ಳೇದೇ ಆಯ್ತದಾ?"

"ಇಲ್ಲ ಕಣ್ರೀ. ಕೆಲವು ಬಿರುಕಲ್ಲಿ ಸುಣ್ಣ ಕಟ್ಕೊಂಡು ದಾರಿನೇ ಮುಚ್ಚೋಗ್ತದೆ. ಮೇಲಿಂದ ನೋಡಿ ಹೇಳಕ್ಕಾಗಲ್ಲ."

ಹುಡುಗಿ ಅಪ್ಪನ ಕಡೆ ನೋಡದೆ ಹೇಳಿದರು: "ನಂಗೆ ಒಂದ್ಸಲ ನಿಶ್ಚಿತಾರ್ಥ ಆಗಿ ಮುರ್ದೋಗ್ಯದೆ. ನಿಮ್ಗೆ ಹೇಳ್ಬೇಡ ಅಂದವ್ರೆ."

ತಂದೆಯ ಮುಖ ಬಿಳಿಚಿಕೊಂಡಿತು. ಅಜ್ಜಿ ಅಗಿಯುವುದನ್ನು ನಿಲ್ಲಿಸಿದರು. ಮಾವ ಮಿಠಾಯಿ ತುಂಡುಗಳನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡರು. ಕಲ್ಲಿನ ಮಾತು ಒಂದೂ ಬರಲಿಲ್ಲ.

"ನನ್ನ ಭಾಳ ಜನ ಬ್ಯಾಡ ಅಂದವ್ರೆ ಕಣ್ರೀ," ಎಂದರು. "ನೀವು ಹಂಗನ್ಬೇಡಿ."

ಆ ಹುಡುಗಿ, ಅಂದರೆ ಈಗಿನ ನಮ್ಮತ್ತೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು.