ಭಾವನವರ ರಸಮಟ್ಟ

ನಮ್ಮ ಭಾವನವರಿಗೂ ಈ ಭೂಮಿಗೂ ಒಂದು ಹಳೆಯ ತಕರಾರಿದೆ. "ಭೂಮಿ ದುಂಡಗಿದ್ದರೆ ಇರಲಿ, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಉಬ್ಬು ತಗ್ಗು ಯಾಕಿರಬೇಕು?" ಎನ್ನುತ್ತಾರೆ. ಇದನ್ನು ಕೇಳಿ ಅವರೇನು ಓದದವರು ಅಂದುಕೊಳ್ಳಬೇಡಿ. ಡಾಕ್ಟರು! ಬರ್ಮಿಂಗ್‌ಹ್ಯಾಮಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಟ್ಟು ಜನರನ್ನು ಮಲಗಿಸುವವರು. ದಿನವಿಡೀ ಊರನ್ನು ಮಲಗಿಸಿ ಬಂದು ಮನೆಯವರ ನಿದ್ದೆ ಕೆಡಿಸುವುದು ಅವರ ಸಂಜೆಯ ಕೆಲಸ.

ಒಂದು ವರ್ಷವಂತೂ ಅವರ ಕೋಟಿನ ಜೇಬಿನಲ್ಲಿ ಸದಾ ಒಂದು ರಸಮಟ್ಟ ಇರುತ್ತಿತ್ತು. ಗಾರೆಯವರು ನೆಲ ಸಮವಾಗಿದೆಯೋ ಎಂದು ಇಟ್ಟು ನೋಡುತ್ತಾರಲ್ಲ, ಗಾಜಿನೊಳಗೆ ಗುಳ್ಳೆ ಓಡಾಡುತ್ತದಲ್ಲ, ಅದೇ. ನಾವೆಲ್ಲ ಇರುವ ಸಟನ್ ಕೋಲ್ಡ್‌ಫೀಲ್ಡಿನ ಒಂದೊಂದು ಬೀದಿಯಲ್ಲೂ ಮಂಡಿಯೂರಿ ಕೂತು ಅದನ್ನು ರಸ್ತೆಯ ಮೇಲಿಟ್ಟು ಗುಳ್ಳೆ ನೋಡುತ್ತಿದ್ದರು. ಒಂದು ದಿನ ಎದುರು ಮನೆಯ ಅಜ್ಜಿ ಇವರನ್ನು ಕೌನ್ಸಿಲ್‌ನವರೆಂದೇ ತಿಳಿದು, ಫುಟ್‌ಪಾತಿನ ಕಲ್ಲು ಎದ್ದಿರುವುದು, ಬೀದಿದೀಪ ಉರಿಯದಿರುವುದು, ಪಕ್ಕದ ಮನೆಯ ನಾಯಿ ಬೊಗಳುವುದು ಎಲ್ಲದರ ದೂರು ಒಪ್ಪಿಸಿದಳು. ಭಾವ ಸಾವಧಾನವಾಗಿ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು, "ನಾಯಿಯ ವಿಷಯ ಬೇರೆ ಡಿಪಾರ್ಟ್‌ಮೆಂಟು" ಎಂದು ಹೇಳಿ ಬಂದರಂತೆ!

ಇದಕ್ಕೆಲ್ಲ ಕಾರಣ ನಮ್ಮಕ್ಕ. ಭಾವನವರ ಹೆಂಡತಿ, ನನಗೆ ಒಡಹುಟ್ಟಿದವಳು. ಆ ಹಿಂದಿನ ಚಳಿಗಾಲದಲ್ಲಿ ಅವಳಿಗೆ ಸ್ಟ್ರೋಕ್ ಆಗಿ ಎಡಗೈ ಎಡಗಾಲು ಸೋತಿದ್ದವು. ಸಂಜೆ ದೀಪ ಹಚ್ಚುವಾಗ ಅಂದಂದಿನ ಉಪಕಾರಗಳನ್ನು ಬೆರಳು ಮಡಿಸಿ ರಾಯರ ಪಟದ ಮುಂದೆ ಎಣಿಸುವುದು ನನ್ನ ಅಭ್ಯಾಸ. ಹಾಲು ಉಕ್ಕಲಿಲ್ಲ, ಒಂದು, ಮಳೆ ಬರುವಷ್ಟರಲ್ಲಿ ಬಟ್ಟೆ ಒಳಗೆ ತಂದೆ, ಎರಡು, ಹೀಗೆ. ಆ ಚಳಿಗಾಲದಲ್ಲಿ, ಅಕ್ಕನ ಜೀವ ಉಳಿಯಿತು, ಒಂದು. ಮಾತು ಉಳಿಯಿತು, ಎರಡು. ಮೂರನೆಯ ಬೆರಳು ಮಾತ್ರ ಹಾಗೇ ನಿಂತಿತು. ಅಕ್ಕ ಹೊಸ್ತಿಲು ದಾಟಲು ಒಪ್ಪಲಿಲ್ಲ. ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟು ಕಾಲು ಬಂದಿತ್ತು, ಮನಸ್ಸು ಬರಲಿಲ್ಲ. ದೇವಸ್ಥಾನಕ್ಕೆ ಬಾರೇ ಎಂದರೆ, ಕನ್ನಡದವರು ಯುಗಾದಿಗೆ ಸೇರ್ತಾರೆ ಬಾರೇ ಎಂದರೆ, ಒಂದೇ ಉತ್ತರ: "ನಾನು ಬಂದ್ರೆ ಒಂದು ಮೂಟೆ ಬಂದ ಹಾಗೆ. ಹೊರೋರಿಗೆ ಭಾರ. ನೀವು ಹೋಗ್ಬನ್ನಿ."

ಒಂದು ಶನಿವಾರ ಭಾವ ಬಾಗಿಲಿಗೆ ಒಂದು ಜೋಡಿ ಸೈಕಲ್ಲು ತಂದು ನಿಲ್ಲಿಸಿದರು! ಇಬ್ಬರು ಒಬ್ಬರ ಹಿಂದೊಬ್ಬರು ಕೂತು ತುಳಿಯುವಂಥದ್ದು. ಹಿಂದಿನ ಸೀಟಿಗೆ ಒರಗು, ಪೆಡಲ್ಲಿಗೆ ಪಾದ ಕಟ್ಟುವ ಪಟ್ಟಿ, ಎಲ್ಲ ಹೇಳಿ ಮಾಡಿಸಿದ್ದರು. ಅಕ್ಕ ಕಿಟಕಿಯಿಂದ ನೋಡಿ, "ಇದ್ಯಾವ ಕರ್ಮಕಾಂಡ ರೀ?" ಎಂದಳು.

ನಾನು ಬಿಡುತ್ತೇನೆಯೇ? ಹೊಸ ವಾಹನ ಅಂದಮೇಲೆ ಪೂಜೆಯಾಗಬೇಡವೇ? ಅರಿಶಿನ ಕುಂಕುಮ ಹಚ್ಚಿ, ಎರಡು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು, ಕಾಯಿ ಒಡೆದೆ. ಅಕ್ಕನನ್ನು ನಮ್ಮವರೂ ಭಾವನೂ ಎತ್ತಿ ಕೂರಿಸಿದರು. ನಿಂಬೆಹಣ್ಣು ಚಪ್ಪಟೆಯಾಯಿತು, ಸೈಕಲ್ಲು ಹೊರಟಿತು, ಬೀದಿಯ ಕೊನೆಯ ಏರಿಗೆ ಹೋಗಿ ನಿಂತಿತು. ಏರು ಎಂದರೆ ಏನು, ಮಗುವಿನ ತಳ್ಳುಗಾಡಿಯವರು ಗಮನಿಸದಷ್ಟು! ಭಾವ ಮುಖ ಬೀಟ್‌ರೂಟು ಮಾಡಿಕೊಂಡು ತುಳಿದರೂ ಅದು ಕದಲಲಿಲ್ಲ.

"ನಾನು ಹೇಳ್ಲಿಲ್ವಾ? ಭಾರ ಅಂತ," ಎಂದಳು ಅಕ್ಕ.

"ಭಾರ ನೀನಲ್ಲ ಕಣೇ. ಇಂಗ್ಲೆಂಡಿನ ನೆಲಾನೇ ಸರಿಯಿಲ್ಲ," ಎಂದರು ಭಾವ.

ಮರುದಿನವೇ ರಸಮಟ್ಟ ಕೊಂಡರು. ಚಪ್ಪಟೆ ನೆಲದ ಹುಡುಕಾಟ ಶುರುವಾಯಿತು. ಆಗಿನ್ನೂ ಫೋನಿನಲ್ಲಿ ನಕ್ಷೆ ಬರುವ ಕಾಲವಲ್ಲ. ಮನೆಯ ತುಂಬ ಹಾಸಿದ ನಕ್ಷೆಗಳ ಮೇಲೆ ನಾವು ಕಾಲಿಡಲು ಜಾಗ ಹುಡುಕಬೇಕಿತ್ತು. ಕೊನೆಗೆ ದಾರಿ ತೋರಿಸಿದ್ದು ಒಬ್ಬ ರೋಗಿ. ಸೂಜಿ ಚುಚ್ಚುವ ಮುಂಚೆ ಭಾವ ಎಲ್ಲರಿಗೂ "ನಿಮಗಿಷ್ಟವಾದ ಒಂದು ಜಾಗ ನೆನೆಸಿಕೊಳ್ಳಿ" ಎನ್ನುತ್ತಾರಂತೆ, ಭಯ ಹೋಗಲಿ ಅಂತ. ಆ ಇಟಲಿಯ ಮುದುಕ, "ನನ್ನೂರು. ಹೊಳೆಯ ಬದಿ, ಭತ್ತದ ಗದ್ದೆ, ನೆಲ ಮೇಜಿನ ಹಾಗೆ ಚಪ್ಪಟೆ..." ಎಂದನಂತೆ. ಭಾವನ ಕಿವಿ ನೆಟ್ಟಗಾಯಿತು. "ಚಪ್ಪಟೆ? ಎಷ್ಟು ಚಪ್ಪಟೆ? ಊರಿನ ಹೆಸರೇನು?" ಎನ್ನುವಷ್ಟರಲ್ಲಿ ಅವನು ಗೊರಕೆ! ತಾವೇ ಕೊಟ್ಟ ಔಷಧಿ, ಯಾರನ್ನು ಬೈಯುವುದು? ಆಪರೇಷನ್ ಮುಗಿದು ಆತ ಕಣ್ಣು ಬಿಡುವುದನ್ನೇ ಕಾದಿದ್ದು, "ಈಗ ಹೇಳಿ, ಊರು ಯಾವುದು?" ಎಂದು ಕೇಳಿದರಂತೆ. ಸ್ವರ್ಗದ ಬಾಗಿಲಲ್ಲಿ ವಿಚಾರಣೆ ನಡೆಯುತ್ತಿದೆ ಅಂದುಕೊಂಡಿರಬೇಕು ಪಾಪ, ಆ ಮುದುಕ ಪೋಸ್ಟಲ್ ವಿಳಾಸವನ್ನೇ ಕೊಟ್ಟನು!

ಅಕ್ಕನನ್ನು ಹೊರಡಿಸಿದ ಕತೆ ಬೇಡ. ನಾನು ಒಪ್ಪತ್ತು ಮಾಡುತ್ತೇನೆಂದು ಹರಸಿಕೊಂಡೆ, ಭಾವ ಊಟವನ್ನೇ ಬಿಡುತ್ತೇನೆಂದು ಹೆದರಿಸಿದರು. ಅಂತೂ ಜೂನಿನಲ್ಲಿ ಸೈಕಲ್ಲನ್ನು ಕಾರಿನ ನೆತ್ತಿಗೆ ಕಟ್ಟಿ, ಪ್ರೆಷರ್ ಕುಕ್ಕರನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ನಾಲ್ವರೂ ಇಟಲಿಯ ಪೋ ನದಿಯ ಸೀಮೆಗೆ ಹೋಗಿ ಒಂದು ತೋಟದ ಮನೆಯಲ್ಲಿ ಇಳಿದೆವು.

ಆ ನೆಲವನ್ನು ಏನೆಂದು ಹೇಳಲಿ? ಚಪಾತಿ ಮಣೆ! ಎಲ್ಲಿ ನೋಡಿದರೂ ನೀರು ನಿಂತ ಗದ್ದೆ, ನಾಲೆ, ನಾಲೆಯ ಏರಿಯ ಮೇಲೊಂದು ಸಣ್ಣ ರಸ್ತೆ, ಅದರ ಬದಿಗೆ ಸಾಲಾಗಿ ನೆಟ್ಟ ಎತ್ತರದ ಮರಗಳು, ಒಂಟಿ ಕಾಲಿನ ಬೆಳ್ಳಕ್ಕಿ. ನಾನೂ ಅಕ್ಕನೂ ಮಂಡ್ಯದ ಕಡೆ ನಾಲೆಯ ನೀರು ಕುಡಿದು ಬೆಳೆದವರು. ಕಾರಿನ ಕಿಟಕಿ ಇಳಿಸಿ ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ, "ನಾಟಿ ಹಾಕಿಲ್ಲ ಕಣೇ ಇವ್ರು. ಬರೀ ಬಿತ್ತಿದಾರೆ. ಸಾಲೇ ಇಲ್ಲ. ಸೋಂಬೇರಿಗಳು!" ಎಂದಳು. ಎಷ್ಟೋ ತಿಂಗಳ ಮೇಲೆ ಅಕ್ಕ ತನ್ನನ್ನು ಬಿಟ್ಟು ಬೇರೆಯವರನ್ನು ಬೈದಳು! ಇದನ್ನು ಉಪಕಾರದ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಬೆರಳನ್ನು ಅರ್ಧ ಮಡಿಸಿದೆ.

ತೋಟದ ಮನೆಯ ಯಜಮಾನಿ ಒಳ್ಳೆಯ ಹೆಂಗಸು. ನನ್ನ ಕುಕ್ಕರು ಮೊದಲ ಸೀಟಿ ಹಾಕಿದಾಗ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಅಂಗಳಕ್ಕೆ ಓಡಿದಳು. ಅವಳ ಕುಂಡದ ಗಿಡದಿಂದ ನಾನು ದಿನಾ ಬೆಳಿಗ್ಗೆ ಎರಡು ನಿಂಬೆಹಣ್ಣು ಕೇಳಿ ತಂದು ಚಕ್ರದ ಕೆಳಗಿಡುತ್ತಿದ್ದೆ. ಪರದೇಶದ ದಾರಿ, ಗ್ರಹಚಾರ ಹೇಳಲಾಗುತ್ತದೆಯೇ? ಮೂರನೆಯ ದಿನ ಅವಳು ಕನಿಕರದಿಂದ ನನ್ನ ಕೈಗೆ ಒಂದು ನಿಂಬೆಹಣ್ಣು ಹಿಂಡುವ ಬಟ್ಟಲು ಕೊಟ್ಟಳು! ಭಾರತದವರು ಪಾನಕಕ್ಕೆ ಸೈಕಲ್ಲು ಹತ್ತಿಸುತ್ತಾರೆಂದು ತಿಳಿದಿದ್ದಳು ಪುಣ್ಯಾತ್ಗಿತ್ತಿ.

ಸವಾರಿ ದಿನಾ ನಡೆಯಿತು. ಮುಂದೆ ಭಾವ, ಹಿಂದೆ ಅಕ್ಕ, ಅವರ ಹಿಂದೆ ಎತ್ತಿನ ಗಾಡಿಯ ವೇಗದಲ್ಲಿ ಕಾರಿನಲ್ಲಿ ನಾವು. ಆದರೆ ಅಕ್ಕ ಮೂಟೆಯ ಹಾಗೇ ಕೂತಿರುತ್ತಿದ್ದಳು. ಜೋಡಿ ಸೈಕಲ್ಲಿನ ಗುಣವೇ ಹಾಗಂತೆ: ಎರಡೂ ಪೆಡಲ್ಲಿಗೆ ಸರಪಳಿಯ ನಂಟು. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ಸುಮ್ಮನೆ ಸುತ್ತುತ್ತದೆ. ಯಾರು ದುಡಿದರು, ಯಾರು ಕೂತು ಉಂಡರು ಎನ್ನುವುದು ನೋಡುವವರಿಗೆ ತಿಳಿಯುವುದೇ ಇಲ್ಲ. ಕೆಲವು ಸಂಸಾರಗಳ ಹಾಗೆ!

ಐದನೆಯ ದಿನ ಬೆಳಿಗ್ಗೆ ಭಾವ ಇದ್ದಕ್ಕಿದ್ದಂತೆ ಏರಿಯ ಮೇಲೆ ಬ್ರೇಕು ಹಾಕಿದರು. ನಾವು ಗಾಬರಿಯಿಂದ ಇಳಿದು ಓಡಿದೆವು.

"ಹಿಂದಿನಿಂದ ಯಾರೋ ತುಳೀತಿದಾರೆ!" ಎಂದರು ಭಾವ. ಕಳ್ಳನನ್ನು ಹಿಡಿದವರ ಮುಖ.

"ಸುಳ್ಳು," ಎಂದಳು ಅಕ್ಕ. "ನಿಮ್ಮ ಕಾಲು ತಿರುಗಿದ್ರೆ ನಂದೂ ತಿರುಗುತ್ತೆ. ಅಷ್ಟೇ."

"ನನ್ನ ಕಾಲಿಗೆ ಗೊತ್ತಾಗಲ್ವೇನೇ? ನಾಲ್ಕು ದಿನ ಕಲ್ಲು ಎಳೆದಿದೀನಿ. ಇವತ್ತು ಹಗುರ."

"ಹಂಗಾದ್ರೆ ಇಳಿಜಾರಿರಬೇಕು."

ಭಾವ ಸೈಕಲ್ಲನ್ನು ನಮ್ಮವರ ಕೈಗೆ ಒಪ್ಪಿಸಿ ಜೇಬಿನಿಂದ ರಸಮಟ್ಟ ತೆಗೆದರು. ರಸ್ತೆಯ ಮೇಲೆ ಉದ್ದಕ್ಕೆ ಇಟ್ಟು, ಅಕ್ಕನಿಗೆ ಕಾಣುವಂತೆ ಪಕ್ಕಕ್ಕೆ ಸರಿದು ನಿಂತರು. ಗುಳ್ಳೆ ಎರಡು ಗೆರೆಯ ನಡುವೆ ಕಣ್ಣು ಮುಚ್ಚಿ ಕೂತ ಋಷಿಯ ಹಾಗೆ ಕೂತಿತ್ತು. ಸಟನ್ ಕೋಲ್ಡ್‌ಫೀಲ್ಡಿನ ಅಷ್ಟು ಬೀದಿಗಳಲ್ಲಿ ಅವರು ಮಂಡಿಯೂರಿದ್ದು ಯಾತಕ್ಕೆಂದು ನನಗೆ ಆಗ ಅರ್ಥವಾಯಿತು. ನಾವೆಲ್ಲ ನಕ್ಕಿದ್ದೆವಲ್ಲ!

ಅಕ್ಕ ಬಗ್ಗಿ ನೋಡಿದಳು. ಸೋಲುವ ಜಾತಿಯೇ? "ಗಾಳಿ. ಹಿಂದಿನಿಂದ ಗಾಳಿ ನೂಕ್ತಿದೆ."

ಇದಕ್ಕೆ ಭಾವನ ಬಳಿ ಯಂತ್ರವಿರಲಿಲ್ಲ. ಮೊದಲ ಸಲ ಅವರು ಪೆಚ್ಚಾಗಿದ್ದು ನೋಡಿದೆ. ಆಗ ರಾಯರೇ ನನಗೆ ಬುದ್ಧಿ ಕೊಟ್ಟರು. ಚೀಲದಲ್ಲಿ ಬೆಳಗಿನ ಪೂಜೆಯ ಊದುಬತ್ತಿ ಮಿಕ್ಕಿತ್ತು. ಒಂದನ್ನು ಹಚ್ಚಿ ಅಕ್ಕನ ಮುಂದೆ ಹಿಡಿದೆ. ಹೊಗೆ ಅತ್ತ ಇತ್ತ ಬಾಗದೆ ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಮೇಲೆ ಹೋಯಿತು.

"ನೀನೂ ಅವ್ರ ಕಡೆ ಸೇರ್ಕೊಂಡ್ಯೇನೇ?" ಎಂದಳು ಅಕ್ಕ. ದನಿ ಗದರಿದಂತಿತ್ತು.

ಭಾವ ಮತ್ತೆ ಹತ್ತಿದರು. ಸೈಕಲ್ಲು ಹೊರಟಿತು. ನಾವು ಕಾರಿನ ಕಿಟಕಿ ಇಳಿಸಿಕೊಂಡು ಹಿಂದೆಯೇ ಹೊರಟೆವು. ಹತ್ತು ಮಾರು ಹೋಗಿರಬೇಕು, ನಮ್ಮ ಐವತ್ತೆಂಟರ ಡಾಕ್ಟರು ತಮ್ಮ ಎರಡೂ ಕಾಲುಗಳನ್ನು ಪೆಡಲ್ಲಿನಿಂದ ಎತ್ತಿ, ಆ ಕಡೆಗೊಂದು ಈ ಕಡೆಗೊಂದು ಅಗಲವಾಗಿ ಚಾಚಿಬಿಟ್ಟರು! "ಅಯ್ಯೋ ಬೀಳ್ತಾರೆ!" ಎಂದು ನಮ್ಮವರು ಹಾರ್ನಿನ ಮೇಲೆ ಕೈಯಿಟ್ಟರು. ನಾನು ಅವರ ಕೈ ಹಿಡಿದುಕೊಂಡೆ.

ಸೈಕಲ್ಲು ನಿಲ್ಲಲಿಲ್ಲ. ಒಂದು ಮರ ದಾಟಿತು. ನಿಧಾನವಾಯಿತು; ಈಗ ನಿಂತಿತು, ಈಗ ನಿಂತಿತು ಅನ್ನುವಾಗ ಅಕ್ಕನ ಸೋತ ಎಡಗಾಲು ಕೆಳಗಿಳಿದು, ಬಲಗಾಲು ಒತ್ತಿ, ಮತ್ತೆ ಎಡಗಾಲು ತಡವರಿಸಿ ಒತ್ತಿ, ಸೈಕಲ್ಲು ಇನ್ನೊಂದು ಮರ ದಾಟಿತು. ಮತ್ತೊಂದು. ನನ್ನ ಮೂರನೆಯ ಬೆರಳು ತಾನಾಗಿ ಮಡಿಚಿಕೊಂಡಿತು.

ಗದ್ದೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹಾರುವಂತೆ ಭಾವ ಕೂಗಿದರು: "ಈಗ ಹೇಳೇ! ಯಾರೇ ಭಾರ?"

"ನೀವೇ ಕಣ್ರೀ!" ಎಂದಳು ಅಕ್ಕ, ಏದುಸಿರಿನ ನಡುವೆ. "ಸುಮ್ನೆ ಕೂತ್ಕೊಂಡು ಹ್ಯಾಂಡಲ್ ಹಿಡೀರಿ. ನಾನು ಕರ್ಕೊಂಡು ಹೋಗ್ತೀನಿ."